ನೀರು, ಬೆಂಕಿ, ಗಾಳಿ, ಮಣ್ಣು: ಯಾವ ಬರೋಕ್ ಕಛೇರಿಗೆ ಟಿಕೆಟ್ ತೆಗೆಯಬೇಕು?

ಲಂಡನ್‌ನಲ್ಲೋ ಮ್ಯೂನಿಕ್‌ನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಇದ್ದೀರಿ, ಇಲ್ಲವೇ ರಜೆಗೆ ಆ ಕಡೆ ಹೊರಟಿದ್ದೀರಿ. ಪಾಶ್ಚಾತ್ಯರ ಹಳೆಯ ಸಂಗೀತವನ್ನು ಒಮ್ಮೆ ಎದುರಿಗೇ ಕೂತು ಕೇಳಬೇಕು ಅನ್ನೋ ಆಸೆ. ಕಾರ್ಯಕ್ರಮಗಳ ಪಟ್ಟಿ ತೆಗೆದರೆ ಒಂದು ಕಡೆ ಋತುಗಳು, ಇನ್ನೊಂದು ಕಡೆ ನೀರು, ಮತ್ತೊಂದು ಕಡೆ ಬೆಂಕಿ, ಬಿರುಗಾಳಿ. ಅರ್ಧಕ್ಕರ್ಧ ಪೋಸ್ಟರ್‌ಗಳ ಮೇಲೆ ಮೇಣದಬತ್ತಿ. ಇರೋದು ಒಂದು ಸಂಜೆ. ಯಾವುದಕ್ಕೆ ಹೋಗೋದು?

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಹೆಸರು ನೋಡಿ ಆರಿಸಬೇಡಿ. ಆ ನೀರನ್ನೋ ಬೆಂಕಿಯನ್ನೋ ಯಾವ ವಾದ್ಯದಲ್ಲಿ, ಎಷ್ಟು ಜನ, ಎಂಥ ಜಾಗದಲ್ಲಿ ನುಡಿಸುತ್ತಾರೆ ಅನ್ನೋದನ್ನು ನೋಡಿ ಆರಿಸಿ. ಒಂದೇ ಒಂದು ಕಛೇರಿಗೆ ಹೋಗಲು ಸಾಧ್ಯ ಅಂತಾದರೆ, ಮತ್ತು ಅದು ನಿಮ್ಮ ಊರಿನ ಸುತ್ತಮುತ್ತ ನಡೆಯುವ ಅದೃಷ್ಟ ನಿಮಗಿದ್ದರೆ, ಇಟಲಿಯ ವಿವಾಲ್ಡಿಯನ್ನು ಬಿಟ್ಟು ಫ್ರಾನ್ಸಿನ ಸಂಗೀತಗಾರ ರೆಬೆಲ್‌ನ ಕಛೇರಿಗೆ ಹೋಗಿ. ಯಾಕೆ ಅನ್ನೋದನ್ನು ಮುಂದೆ ಬರೆದಿದ್ದೇನೆ.

ಒಂದು ಮಾತು ಮೊದಲು. ಅಲ್ಲಿ ಅರ್ಲಿ ಮ್ಯೂಸಿಕ್ ಅಂದರೆ ಹೆಚ್ಚುಕಡಿಮೆ 1750ಕ್ಕಿಂತ ಹಿಂದಿನ ಸಂಗೀತ, ಅದನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸುವ ಪದ್ಧತಿ. ಅದರಲ್ಲಿ ಕೊನೆಯ ನೂರೈವತ್ತು ವರ್ಷದ್ದನ್ನು ಬರೋಕ್ ಅನ್ನುತ್ತಾರೆ. ಪಿಟೀಲಿಗೆ ಸ್ಟೀಲಿನ ಬದಲು ಕರುಳಿನ ತಂತಿ. ಹಾರ್ನ್, ಟ್ರಂಪೆಟ್‌ಗಳಂಥ ಲೋಹದ ಕಹಳೆಗಳಿಗೆ ಸ್ವರ ಬದಲಿಸುವ ವಾಲ್ವ್ ಇಲ್ಲ. ಕೊಳಲು ಮರದ್ದು. ಓಬೋ ಕೂಡ ನಮ್ಮ ನಾಗಸ್ವರದ ಹಾಗೆ ಜೋಡಿ ಪೀಪಿಯ ವಾದ್ಯ. ಆಗಿನ ಓಬೋ ಈಗಿನದಕ್ಕಿಂತ ಸ್ವಲ್ಪ ಒರಟು, ಸ್ವಲ್ಪ ಹತ್ತಿರದ ದನಿ. ಶ್ರುತಿಯೂ ಬೇರೆ. ಇವತ್ತಿನ ಆರ್ಕೆಸ್ಟ್ರಾದಲ್ಲಿ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನ, ಅದರ ಬದಲು ಈ ತಂಡಗಳು ಸಾಮಾನ್ಯವಾಗಿ 415ಕ್ಕೆ ಸೇರಿಸಿಕೊಳ್ಳುತ್ತವೆ, ಅಂದರೆ ಅರ್ಧ ಸ್ವರದಷ್ಟು ಕೆಳಗೆ. ಫ್ರೆಂಚ್ ಕೃತಿಗಳಿಗೆ ಕೆಲವರು ಇನ್ನೂ ಕೆಳಗೆ, 392ಕ್ಕೆ ಇಳಿಯುತ್ತಾರೆ. ಶ್ರುತಿಯ ಮೇಲೆ ಕಿವಿ ಇಟ್ಟು ಬೆಳೆದ ನಮ್ಮಂಥವರಿಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ದನಿ ಎಲ್ಲ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದ ಹಾಗೆ ಕೇಳಿಸುತ್ತದೆ, ಅದು ನನಗೆ ತುಂಬಾ ಇಷ್ಟ.

ಋತುಗಳು: ಸುಲಭವಾಗಿ ಸಿಗುವುದು, ಹಾಗಾಗಿ ಜಾಸ್ತಿ ಎಚ್ಚರ ಬೇಕಾದದ್ದು

ವಿವಾಲ್ಡಿಯ 'ನಾಲ್ಕು ಋತುಗಳು' 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಹನ್ನೆರಡು ಕನ್ಸರ್ಟೋಗಳ (ಒಂದು ಪಿಟೀಲು ಮುಂದೆ, ತಂಡ ಅದರ ಜೊತೆಗೆ) ಸಂಪುಟದಲ್ಲಿ ಮೊದಲ ನಾಲ್ಕು ಇವು. ಒಂದೊಂದು ಋತುವಿಗೂ ಒಂದೊಂದು ಸಾನೆಟ್, ಅಂದರೆ ಹದಿನಾಲ್ಕು ಸಾಲಿನ ಕವಿತೆ, ಇದೆ, ಯಾವ ಸಾಲು ಸಂಗೀತದ ಎಲ್ಲಿ ಬರುತ್ತದೆ ಅನ್ನೋದನ್ನೂ ಸ್ವರಲಿಪಿಯಲ್ಲೇ ಗುರುತು ಹಾಕಿದ್ದಾರೆ. ವಸಂತದ ನಡುವಿನ ಭಾಗದಲ್ಲಿ ಕುರುಬ ಮಲಗಿದ್ದಾನೆ, ಪಕ್ಕದಲ್ಲಿ ನಾಯಿ ಬೊಗಳುತ್ತಿದೆ. ಆ ಬೊಗಳು ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಿಯೋಲಾದ್ದು. ಗ್ರೀಷ್ಮದ ಕೊನೆಯಲ್ಲಿ ಆಲಿಕಲ್ಲಿನ ಮಳೆ ಬಂದು ಪೈರು ನೆಲಕಚ್ಚುತ್ತದೆ. ಶಿಶಿರದ ಮಧ್ಯಭಾಗದಲ್ಲಿ ಹೊರಗೆ ಮಳೆ, ಒಳಗೆ ಒಲೆಯ ಮುಂದೆ ಬೆಚ್ಚಗೆ ಕೂತ ಮನುಷ್ಯ. ತಂತಿಯನ್ನು ಬೆರಳಲ್ಲಿ ಮೀಟಿ ಹನಿಗಳನ್ನು ಬೀಳಿಸುತ್ತಾರೆ.

ಎಲ್ಲ ಸೇರಿ ಸುಮಾರು ನಲವತ್ತು ನಿಮಿಷ. ಮೊದಲ ಸಲ ಹೋಗುವವರಿಗೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಲಂಡನ್‌ನ ಸೇಂಟ್ ಮಾರ್ಟಿನ್-ಇನ್-ದ-ಫೀಲ್ಡ್ಸ್‌ನಲ್ಲಿ, ಪ್ಯಾರಿಸ್ಸಿನ ಸೇಂಟ್ ಶಪೆಲ್‌ನಲ್ಲಿ, ವಿಯೆನ್ನಾದ ಕಾರ್ಲ್ಸ್‌ಕಿರ್ಕೆಯಲ್ಲಿ ಇದನ್ನು ಮತ್ತೆ ಮತ್ತೆ ನುಡಿಸುತ್ತಲೇ ಇರುತ್ತಾರೆ. ವಿವಾಲ್ಡಿ ತೀರಿಕೊಂಡಿದ್ದು 1741ರಲ್ಲಿ, ವಿಯೆನ್ನಾದಲ್ಲೇ. ಅವನನ್ನು ಮಣ್ಣು ಮಾಡಿದ ಜಾಗ ಕಾರ್ಲ್ಸ್‌ಕಿರ್ಕೆಯ ಪಕ್ಕದಲ್ಲೇ ಇತ್ತು. ಅಲ್ಲಿ ಕೂತು ಶಿಶಿರ ಕೇಳುವುದಕ್ಕೆ ಅದರದ್ದೇ ತೂಕ ಇದೆ. ವೆನಿಸ್‌ಗೆ ಹೋದವರಿಗೆ 'ವಿವಾಲ್ಡಿಯ ಚರ್ಚ್' ಅಂತ ಪಿಯೆತಾ ಚರ್ಚನ್ನು ತೋರಿಸುತ್ತಾರೆ. ಅವನು ವರ್ಷಗಟ್ಟಲೆ ಕೆಲಸ ಮಾಡಿದ ಸಂಸ್ಥೆ ಅದೇ ಹೌದು, ಆದರೆ ಈಗ ನಿಂತಿರುವ ಕಟ್ಟಡ ಎದ್ದದ್ದು ಅವನು ಸತ್ತ ಮೇಲೆ. ಆ ಹೆಸರಿಗಾಗಿ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಎಚ್ಚರ ಯಾಕೆ ಅಂದರೆ, ಪ್ರವಾಸಿಗರಿಗಾಗಿ ನಡೆಯುವ ಕಛೇರಿಗಳಲ್ಲಿ ಗುಣಮಟ್ಟ ಒಂದೇ ಥರ ಇರೋದಿಲ್ಲ. ಬಣ್ಣದ ದಿರಿಸು, ಬಿಳಿ ವಿಗ್ ಹಾಕಿಕೊಂಡು ಸ್ಟೀಲ್ ತಂತಿಯಲ್ಲಿ ನುಡಿಸುವವರಿದ್ದಾರೆ. ನಾಲ್ಕು ಋತು ಅಂತ ಹಾಕಿ, ವಸಂತ ಮತ್ತು ಶಿಶಿರದ ಒಂದೊಂದು ಭಾಗ ನುಡಿಸಿ, ಉಳಿದ ಹೊತ್ತನ್ನು ಜನಪ್ರಿಯ ತುಣುಕುಗಳಿಂದ ತುಂಬಿಸುವವರೂ ಇದ್ದಾರೆ. ಕಾರ್ಯಕ್ರಮದ ವಿವರದಲ್ಲಿ 'ಪೂರ್ಣ' ಅಂತಲೋ 'ಆಯ್ದ ಭಾಗಗಳು' ಅಂತಲೋ ಇರುತ್ತದೆ, ಹುಡುಕಿ ಓದಿ. ಸಾನೆಟ್‌ಗಳನ್ನು ನಡುನಡುವೆ ಓದಿ ಹೇಳುವ ಕಛೇರಿ ಸಿಕ್ಕರೆ ಕಣ್ಣು ಮುಚ್ಚಿ ಹೋಗಿ. ಕಥೆ ಗೊತ್ತಿಲ್ಲದೆ ಕೇಳಿದರೆ ಗ್ರೀಷ್ಮದ ಮೊದಲ ನಿಮಿಷಗಳು ಸುಮ್ನೆ ನಿಧಾನ ಅನ್ನಿಸಬಹುದು. ಅದು ಬಿಸಿಲಿನ ಬಳಲಿಕೆ ಅಂತ ಗೊತ್ತಾದರೆ ನೀವೇ ಬೆವರುತ್ತೀರಿ.

ನೀರು: ಹ್ಯಾಂಡೆಲ್‌ನ ನದಿಯೋ, ಟೆಲೆಮಾನ್‌ನ ಸಮುದ್ರವೋ

ಇಲ್ಲಿ ನಿಜವಾದ ಆಯ್ಕೆ ಇದೆ. ಇಬ್ಬರೂ ಒಂದೇ ಕಾಲದ, ಜರ್ಮನಿಯಲ್ಲಿ ಹುಟ್ಟಿದ ಸಂಗೀತಗಾರರು. ಹ್ಯಾಂಡೆಲ್‌ನ 'ವಾಟರ್ ಮ್ಯೂಸಿಕ್' ಎಲ್ಲರಿಗೂ ಗೊತ್ತು. 1717ರ ಜುಲೈ 17ರ ಸಂಜೆ ಇಂಗ್ಲೆಂಡಿನ ರಾಜ ಒಂದನೇ ಜಾರ್ಜ್ ಥೇಮ್ಸ್ ನದಿಯಲ್ಲಿ ವೈಟ್‌ಹಾಲ್‌ನಿಂದ ಚೆಲ್ಸಿಯ ಕಡೆಗೆ ದೋಣಿಯಲ್ಲಿ ಹೋದ. ಪಕ್ಕದ ದೋಣಿಯಲ್ಲಿ ಸುಮಾರು 50 ಜನ ವಾದ್ಯಗಾರರು. ರಾಜನಿಗೆ ಎಷ್ಟು ಹಿಡಿಸಿತು ಅಂದರೆ ಮತ್ತೆ ಮತ್ತೆ ನುಡಿಸಿ ಅಂತ ಕೇಳಿದ. ಆದರೆ ಒಂದು ವಿಷಯ ನೆನಪಿರಲಿ: ಇದು ನೀರಿನ ಮೇಲೆ ನುಡಿಸಲು ಬರೆದ ಸಂಗೀತ, ನೀರನ್ನು ಚಿತ್ರಿಸುವ ಸಂಗೀತ ಅಲ್ಲ. ಅಲೆ, ಹರಿವು ಹುಡುಕುತ್ತಾ ಕೂತರೆ ಸಿಗೋದಿಲ್ಲ. ಸಿಗುವುದು ಕುಣಿತ, ಮೆರವಣಿಗೆ, ಬಯಲಲ್ಲಿ ದೂರಕ್ಕೆ ಕೇಳಲಿ ಅಂತ ಇಟ್ಟ ಹಾರ್ನ್‌ಗಳು.

ಟೆಲೆಮಾನ್ ಹಾಗಲ್ಲ. ಹ್ಯಾಂಬರ್ಗ್‌ನ ಅಡ್ಮಿರಾಲ್ಟಿಗೆ ನೂರು ವರ್ಷ ತುಂಬಿದ ಹಬ್ಬಕ್ಕೆ, 1723ರಲ್ಲಿ, ಅವನು ಬರೆದದ್ದು ನೀರಿನ ಕಥೆಯನ್ನೇ. ಸಮುದ್ರದ ದೇವತೆ ಥೆಟಿಸ್ ಮಲಗಿದ್ದಾಳೆ, ಏಳುತ್ತಾಳೆ. ನೆಪ್ಚೂನ್ ಬರುತ್ತಾನೆ, ಬಿರುಗಾಳಿಯ ಈಯೊಲಸ್ ಬರುತ್ತಾನೆ, ತಂಗಾಳಿಯ ಜೆಫಿರ್ ಬರುತ್ತಾನೆ. ಕೊನೆಗೆ ಉಬ್ಬರ ಇಳಿತ, ಆಮೇಲೆ ಖುಷಿಯಾಗಿ ಕುಣಿಯುವ ನಾವಿಕರು. ಹ್ಯಾಂಬರ್ಗ್ ಸಮುದ್ರದಿಂದ ಸುಮಾರು ನೂರು ಕಿಲೋಮೀಟರ್ ಒಳಗಿದ್ದರೂ ಎಲ್ಬ್ ನದಿಯಲ್ಲಿ ಉಬ್ಬರ ಅಲ್ಲಿಯವರೆಗೆ ಏರಿ ಬರುತ್ತದೆ. ಹಡಗುಗಳು ಅದನ್ನು ನಂಬಿಕೊಂಡೇ ಬಂದುಹೋಗುತ್ತಿದ್ದವು. ಆ ಊರಿನವರಿಗೆ ಉಬ್ಬರ ಇಳಿತ ಅಂದರೆ ಹೊಟ್ಟೆಪಾಡು. ಟೆಲೆಮಾನ್ ಅದನ್ನು ಏರಿಳಿಯುವ ಸ್ವರಗಳ ಒಂದು ಚುರುಕಾದ ಕುಣಿತದಲ್ಲಿ ಹಿಡಿದಿದ್ದಾನೆ.

ಹಾಗಾದರೆ ಯಾವುದು? ಹ್ಯಾಂಡೆಲ್‌ನ ಮೂರೂ ಸೂಟ್ (ಕುಣಿತಗಳ ಸರಣಿ) ಸೇರಿದರೆ ಐವತ್ತು ನಿಮಿಷದ ಹತ್ತಿರ, ದೊಡ್ಡ ತಂಡ ಬೇಕು, ದೊಡ್ಡ ಸಭಾಂಗಣದಲ್ಲಿ ಚೆನ್ನ. ಟೆಲೆಮಾನ್ ಅದರ ಅರ್ಧದಷ್ಟು, ಹದಿನೈದು ಜನರ ತಂಡವೂ ಸಾಕು, ಚಿಕ್ಕ ಸಭಾಂಗಣದಲ್ಲೇ ಚೆನ್ನ. ನೀರನ್ನು ಕೇಳಬೇಕು ಅಂತಿದ್ದರೆ ಟೆಲೆಮಾನ್. ಸಂಭ್ರಮ ಬೇಕು ಅಂತಿದ್ದರೆ ಹ್ಯಾಂಡೆಲ್. ನಾನಂತೂ ಟೆಲೆಮಾನ್ ಕಡೆಯವನು. ಥೆಟಿಸ್ ಮಲಗಿರುವ ಭಾಗವನ್ನು ಮರದ ಕೊಳಲುಗಳಲ್ಲಿ ಹತ್ತಿರದಿಂದ ಕೇಳಿದವರು ಯಾರೂ ಅದನ್ನು ಮರೆಯಲಾರರು.

ವರ್ಸೈ ಅರಮನೆಯ ತೋಟದಲ್ಲಿ ಬೇಸಿಗೆಯಲ್ಲಿ ಕಾರಂಜಿಗಳ ಜೊತೆ ಬರೋಕ್ ಸಂಗೀತ ಹಾಕುತ್ತಾರೆ. ನೋಡಲು ಬಹಳ ಚೆನ್ನಾಗಿದೆ, ಹೋಗಿ. ಆದರೆ ಅದು ಸ್ಪೀಕರ್‌ನಲ್ಲಿ ಬರುವ ಧ್ವನಿಮುದ್ರಣ, ಕಛೇರಿ ಅಲ್ಲ.

ಬೆಂಕಿ

ಹ್ಯಾಂಡೆಲ್‌ನದೇ 'ಫೈರ್‌ವರ್ಕ್ಸ್' ಸಂಗೀತ. 1748ರ ಶಾಂತಿ ಒಪ್ಪಂದದ ಸಂಭ್ರಮಕ್ಕೆ 1749ರ ಏಪ್ರಿಲ್ 27ರಂದು ಲಂಡನ್‌ನ ಗ್ರೀನ್ ಪಾರ್ಕ್‌ನಲ್ಲಿ ಬಾಣಬಿರುಸು. ಎರಡನೇ ಜಾರ್ಜ್‌ಗೆ ಪಿಟೀಲು ಬೇಡವಾಗಿತ್ತು, ಸೈನ್ಯದ ವಾದ್ಯಗಳೇ ಬೇಕಾಗಿತ್ತು. ಹಾಗಾಗಿ ಹ್ಯಾಂಡೆಲ್ 24 ಓಬೋ, 12 ಬಸೂನ್ (ಓಬೋದ ಹಾಗೆಯೇ, ಮಂದ್ರದ ದನಿ), 9 ಟ್ರಂಪೆಟ್, 9 ಹಾರ್ನ್, ಮೂರು ಜೊತೆ ನಗಾರಿಗಳಿಗೆ ಬರೆದ. ಆರು ದಿನ ಮುಂಚೆ ವಾಕ್ಸ್‌ಹಾಲ್ ತೋಟದಲ್ಲಿ ನಡೆದ ತಾಲೀಮಿಗೇ 12,000 ಜನ ಬಂದಿದ್ದರು ಅಂತ ಆಗಿನ ಪತ್ರಿಕೆ ಬರೆಯಿತು. ಬಾಣಬಿರುಸಿನ ರಾತ್ರಿ, ಅದಕ್ಕಾಗಿ ಕಟ್ಟಿದ್ದ ಮಂಟಪದ ಒಂದು ಪಕ್ಕಕ್ಕೇ ಬೆಂಕಿ ಹತ್ತಿಕೊಂಡಿತು. ಒಂದು ತಿಂಗಳ ನಂತರ, ಅನಾಥ ಮಕ್ಕಳ ಆಶ್ರಮದ ಸಹಾಯಾರ್ಥ ಕಛೇರಿಯಲ್ಲಿ, ಅದೇ ಸಂಗೀತವನ್ನು ತಂತಿವಾದ್ಯ ಸೇರಿಸಿ ನುಡಿಸಿದರು.

ಅಂದರೆ ನಿಮ್ಮ ಮುಂದೆ ಎರಡು ರೂಪಗಳಿವೆ. ತಂತಿ ಸೇರಿದ್ದು ಎಲ್ಲ ಕಡೆ ಸಿಗುತ್ತದೆ, ಇಂಪಾಗಿದೆ. ಬರೀ ಗಾಳಿವಾದ್ಯ, ನಗಾರಿಗಳದ್ದು ಅಪರೂಪ, ಯಾಕೆಂದರೆ ಅಷ್ಟು ಜನ ಹಳೆಯ ಓಬೋ ನುಡಿಸುವವರನ್ನು ಒಟ್ಟು ಸೇರಿಸುವುದೇ ಕಷ್ಟ. 2012ರಲ್ಲಿ ಲಂಡನ್‌ನ ಪ್ರಾಮ್ಸ್ ಉತ್ಸವದಲ್ಲಿ ಫ್ರೆಂಚ್ ನಿರ್ದೇಶಕ ಎರ್ವೆ ನಿಕೆ ತನ್ನ ತಂಡವನ್ನು ಹಾಗೆ ದೊಡ್ಡದು ಮಾಡಿಕೊಂಡು ನುಡಿಸಿದ್ದರು. ಅಂಥದ್ದು ಎಲ್ಲಾದರೂ ಮತ್ತೆ ನಡೆದರೆ ರೈಲು ಹತ್ತಿಯಾದರೂ ಹೋಗಬೇಕು. ವಾಲ್ವ್ ಇಲ್ಲದ ಹಾರ್ನ್‌ಗಳು ಒಟ್ಟಿಗೆ ಎದ್ದಾಗ ಕೆಲವು ಸ್ವರ ಈಗಿನ ಕಿವಿಗೆ ಸ್ವಲ್ಪ ಓರೆ ಅನ್ನಿಸುತ್ತದೆ. ಆ ಓರೆಯಲ್ಲೇ ಬೆಂಕಿಯ ಉರಿ ಇದೆ. ಪ್ರಾಮ್ಸ್‌ನಲ್ಲಿ ನಿಂತು ಕೇಳುವ ಟಿಕೆಟ್ ಅದೇ ದಿನ ಕಡಿಮೆ ದುಡ್ಡಿಗೆ ಸಿಗುತ್ತದೆ ಅನ್ನೋದೂ ತಿಳಿದಿರಲಿ.

ಬಯಲಲ್ಲಿ ನಿಜವಾದ ಪಟಾಕಿಯ ಜೊತೆ ಇದನ್ನು ನುಡಿಸುವ ಬೇಸಿಗೆ ಸಂಜೆಗಳು ಬಹಳ. ಮನೆಮಂದಿಯ ಜೊತೆ ಹೋಗಲು ಖುಷಿ. ಸಂಗೀತಕ್ಕಾಗಿ ಅಂತ ಹೋಗುವುದಾದರೆ ಬೇಡ. ಕರುಳಿನ ತಂತಿ, ಮರದ ಓಬೋಗಳ ದನಿಯ ಸೂಕ್ಷ್ಮ ಮೈಕ್ ಸ್ಪೀಕರ್‌ಗಳಲ್ಲಿ ಹೊರಟುಹೋಗುತ್ತದೆ.

ಗಾಳಿ ಮತ್ತು ಬಿರುಗಾಳಿ

ಫ್ರೆಂಚರಿಗೆ ಬಿರುಗಾಳಿ ಅಂದರೆ ಪ್ರಾಣ. ಮಾರೆಂ ಮಾರೆಯ 1706ರ 'ಆಲ್ಸಿಯೋನ್' ಒಪೆರಾದಲ್ಲಿ (ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ) ಹಡಗು ಮುಳುಗುವ ದೃಶ್ಯಕ್ಕೆ ಚರ್ಮ ಸಡಿಲ ಬಿಟ್ಟ ಡೋಲನ್ನು ಬಿಡದೆ ಉರುಳಿಸುತ್ತಾರೆ, ಕೆಳಗೆ ಮಂದ್ರದ ತಂತಿಗಳು ಕೊರೆಯುತ್ತವೆ. ಇನ್ನೊಬ್ಬ ಫ್ರೆಂಚ್ ಸಂಗೀತಗಾರ ರಾಮೋನ ಕೊನೆಯ ಒಪೆರಾ 'ಲೇ ಬೊರೆಯಾದ್' ಉತ್ತರದ ಗಾಳಿಯ ವಂಶದವರ ಕಥೆ. ಅದರ ಬಿರುಗಾಳಿ ಒಂದು ಅಂಕ ಮುಗಿದರೂ ನಿಲ್ಲದೆ ಮುಂದಿನ ಅಂಕಕ್ಕೆ ನುಗ್ಗುತ್ತದೆ. ಇಂಗ್ಲೆಂಡಿನಲ್ಲಿ ಮ್ಯಾಥ್ಯೂ ಲಾಕ್ 1674ರಲ್ಲೇ 'ದಿ ಟೆಂಪೆಸ್ಟ್' ನಾಟಕಕ್ಕೆ ಬರೆದ, ಪರದೆ ಏಳುವಾಗಿನ ಸಂಗೀತ ಮೆಲ್ಲಗೆ ಶುರುವಾಗಿ, ಕೆರಳಿ, ಮತ್ತೆ ಮೆತ್ತಗಾಗುತ್ತದೆ.

ಇವನ್ನು ಕಛೇರಿಯಲ್ಲೂ ಕೇಳಬಹುದು, ಆದರೆ ನನ್ನ ಸಲಹೆ ಬೇರೆ. ಸ್ಟಾಕ್‌ಹೋಮ್ ಹತ್ತಿರ ಡ್ರಾಟ್ನಿಂಗ್‌ಹೋಮ್ ಅರಮನೆಯ ರಂಗಮಂದಿರ ಇದೆ. 1766ರದ್ದು. ಮುಂದೆ ಅದು ಪಾಳುಬಿದ್ದು ಎಲ್ಲರೂ ಮರೆತರು, 1921ರಲ್ಲಿ ಮತ್ತೆ ಬಾಗಿಲು ತೆಗೆದರು. ಮರೆತಿದ್ದೇ ಒಳ್ಳೆಯದಾಯಿತು. ಯಾರೂ ಅದನ್ನು ಹೊಸದು ಮಾಡಲು ಹೋಗಲಿಲ್ಲ. ಕೈಯಿಂದ ತಿರುಗಿಸುವ ಗಾಳಿಯ ಯಂತ್ರ, ತಿರುಚಿದ ಉರುಳೆಗಳು ಸುತ್ತಿ ಏಳುವ ಅಲೆಗಳು, ಕಲ್ಲು ತುಂಬಿದ ಮರದ ಪೆಟ್ಟಿಗೆಯನ್ನು ಓಲಾಡಿಸಿ ಎಬ್ಬಿಸುವ ಗುಡುಗು, ಎಲ್ಲ ಅಲ್ಲೇ ಇವೆ. ಬೇಸಿಗೆಯಲ್ಲಿ ಮಾತ್ರ ಅಲ್ಲಿ ಒಪೆರಾ ನಡೆಯುತ್ತದೆ. ಬಿರುಗಾಳಿಯ ಒಪೆರಾ ನೋಡುವ ಮನಸ್ಸಿದ್ದರೆ ಮೊದಲು ಆ ವರ್ಷದ ಅಲ್ಲಿನ ಪಟ್ಟಿ ನೋಡಿ. ಇದರ ಮುಂದೆ ಮೇಣದಬತ್ತಿಯ ಅಲಂಕಾರಕ್ಕೆ ಏನೂ ಬೆಲೆಯಿಲ್ಲ.

ಮಣ್ಣಿಗೆ ಅಂತಲೇ ಕಛೇರಿ ಸಿಗೋದು ಕಷ್ಟ. ರಾಮೋನ 'ಲೇಜ್ ಆಂಡ್ ಗಲಾಂಟ್' ಒಪೆರಾದಲ್ಲಿ ಜ್ವಾಲಾಮುಖಿ, ಭೂಕಂಪ ಇದೆ, ಅಷ್ಟೇ. ಹಕ್ಕಿಪಕ್ಕಿಗಳ ಪ್ರೀತಿಯಿದ್ದರೆ ಜಾನೆಕೆನ್‌ನ 1528ರ ಹಕ್ಕಿಗಳ ಹಾಡು, ಬೀಬರ್ ಅನ್ನೋ ಸಂಗೀತಗಾರ ಪಿಟೀಲಿನಲ್ಲಿ ಕೋಗಿಲೆ ಕಪ್ಪೆ ಕೋಳಿ ಬೆಕ್ಕುಗಳನ್ನು ಕೂಗಿಸುವ ಸೊನಾಟ ಇರುವ ಚಿಕ್ಕ ಕಛೇರಿಗಳನ್ನು ನೋಡಿ. ಮಕ್ಕಳು ನಗುತ್ತಾರೆ.

ರೆಬೆಲ್ ಯಾಕೆ

ಝಾನ್-ಫೆರಿ ರೆಬೆಲ್ ಹುಟ್ಟಿದ್ದು 1666ರಲ್ಲಿ. ಫ್ರೆಂಚ್ ರಾಜನ 24 ಪಿಟೀಲುಗಳ ತಂಡದಲ್ಲಿದ್ದವನು. ಎಪ್ಪತ್ತು ದಾಟಿದ ಮೇಲೆ, 1737-38ರಲ್ಲಿ, 'ಎಲಿಮೆಂಟ್ಸ್' (ಭೂಮಿ, ನೀರು, ಗಾಳಿ, ಬೆಂಕಿ ಅನ್ನೋ ನಾಲ್ಕು ಭೂತಗಳು) ಅನ್ನೋ ನೃತ್ಯಸಂಗೀತ ಬರೆದ. ಅದರ ಮೊದಲ ಭಾಗದ ಹೆಸರು 'ಕೇಯಾಸ್', ಸೃಷ್ಟಿಗೆ ಮುಂಚಿನ ಗೊಂದಲ.

ಮೊದಲ ಹೊಡೆತದಲ್ಲೇ ಡಿ ಮೈನರ್‌ನ ಏಳೂ ಸ್ವರಗಳನ್ನು ಒಟ್ಟಿಗೆ ನುಡಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೀರವಾಣಿಯ ಸ ರಿ ಗ ಮ ಪ ದ ನಿ ಎಲ್ಲವೂ ಒಂದೇ ಕ್ಷಣಕ್ಕೆ. 1738ರಲ್ಲಿ! ಒಂದು ರಾಗದ ಸ್ವರಗಳನ್ನು ಒಂದಾದ ಮೇಲೆ ಒಂದು ಬಿಡಿಸಿ ಕೇಳಿ ಅಭ್ಯಾಸವಾದ ನಮಗೆ ಆ ಪೆಟ್ಟು ಇನ್ನೂ ಜೋರಾಗಿ ತಾಗುತ್ತದೆ. ಆಮೇಲೆ ನಿಧಾನವಾಗಿ ಭೂತಗಳು ಬೇರೆಯಾಗತೊಡಗುತ್ತವೆ. ಯಾವುದು ಯಾರು ಅಂತ ರೆಬೆಲ್ ತಾನೇ ಮುನ್ನುಡಿಯಲ್ಲಿ ಬರೆದಿದ್ದಾನೆ. ನಡುಗುವ ಮಂದ್ರಸ್ವರಗಳು ಭೂಮಿ. ಏರಿಳಿಯುವ ಕೊಳಲುಗಳು ನೀರು. ಚಿಕ್ಕ ಕೊಳಲುಗಳ ಉದ್ದ ಸ್ವರ, ಅದರ ತುದಿಯ ಕಂಪನ ಗಾಳಿ. ಮೇಲೆ ಮಿಂಚುವ ಪಿಟೀಲು ಬೆಂಕಿ. ಗೊಂದಲ ಮತ್ತೆ ಮತ್ತೆ ಕವಿಯುತ್ತದೆ, ಪ್ರತಿ ಸಲ ಸ್ವಲ್ಪ ತಿಳಿಯಾಗುತ್ತದೆ, ಕೊನೆಗೆ ಎಲ್ಲ ಸ್ವರಗಳೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಮುಂದಿನದೆಲ್ಲ ಕುಣಿತ, ಒಟ್ಟು ಇಪ್ಪತ್ತೈದು ನಿಮಿಷದ ಹತ್ತಿರ.

ಇದನ್ನು ಧ್ವನಿಮುದ್ರಣದಲ್ಲಿ ಕೇಳಿದರೆ ಆ ಮೊದಲ ಸ್ವರಸಮೂಹ ಒಂದು ಗದ್ದಲ ಅಷ್ಟೇ. ಎದುರಿಗೆ ಕೂತರೆ ನೀರು ಎಡಗಡೆಯ ಕೊಳಲಿನಿಂದ, ಭೂಮಿ ಹಿಂದಿನ ದೊಡ್ಡ ತಂತಿಗಳಿಂದ ಬರುವುದು ಕಣ್ಣಿಗೂ ಕಾಣುತ್ತದೆ. ನೆಲದ ಹಲಗೆ ಅದುರುತ್ತದೆ. ವಿವಾಲ್ಡಿಯನ್ನು ಮನೆಯಲ್ಲೂ ಚೆನ್ನಾಗಿ ಕೇಳಬಹುದು. ರೆಬೆಲ್‌ಗೆ ಕಛೇರಿಯೇ ಬೇಕು. ನನ್ನ ಆಯ್ಕೆಗೆ ಕಾರಣ ಇದೇ.

ನಮ್ಮಲ್ಲೂ ಭೂತಗಳ ಸಂಗೀತ ಇದೆಯಲ್ಲ ಅಂತ ನೀವು ಕೇಳಬಹುದು. ಮುತ್ತುಸ್ವಾಮಿ ದೀಕ್ಷಿತರ ಪಂಚಭೂತ ಲಿಂಗದ ಕೃತಿಗಳು: ಪೃಥ್ವಿಗೆ ಕಂಚಿಯಲ್ಲಿ ಭೈರವಿ, ನೀರಿಗೆ ಜಂಬುಕೇಶ್ವರದಲ್ಲಿ ಯಮುನಾಕಲ್ಯಾಣಿ, ಬೆಂಕಿಗೆ ತಿರುವಣ್ಣಾಮಲೈಯಲ್ಲಿ ಸಾರಂಗ, ಗಾಳಿಗೆ ಕಾಳಹಸ್ತಿಯಲ್ಲಿ ಹುಸೇನಿ, ಆಕಾಶಕ್ಕೆ ಚಿದಂಬರದಲ್ಲಿ ಕೇದಾರ. ಅವು ನೀರಿನ ಸದ್ದನ್ನು ಅನುಕರಿಸುವುದಿಲ್ಲ, ಆ ಸ್ಥಳದ ದೇವರನ್ನು ಕರೆಯುತ್ತವೆ. ಯುರೋಪಿನವರು ಸದ್ದನ್ನೇ ಕಟ್ಟುತ್ತಾರೆ. ಅವರ ಲೆಕ್ಕದಲ್ಲಿ ಭೂತಗಳು ನಾಲ್ಕೇ, ಆಕಾಶ ಇಲ್ಲ. ಭಕ್ತಿಯನ್ನು ಹುಡುಕುತ್ತಾ ಹೋದರೆ ನಿರಾಸೆಯಾಗಬಹುದು, ಕಣ್ಣು ಕಿವಿ ತೆರೆದು ಹೋದರೆ ಆಗೋದಿಲ್ಲ. ದೀಕ್ಷಿತರ ತಮ್ಮ ಬಾಲುಸ್ವಾಮಿಯೇ ಅಲ್ವಾ ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು? ಅದೇ ವಾದ್ಯ ತನ್ನ ಊರಿನಲ್ಲಿ ಬೆಂಕಿಯಾಗಿ ಉರಿಯುವುದನ್ನು ನೋಡಿ.

ರೆಬೆಲ್ ಒಂದೇ ಸಾಲದು, ನಾಲ್ಕೂ ಭೂತ ಒಂದೇ ಸಂಜೆ ಬೇಕು ಅನ್ನುವವರಿಗೆ ಬೆರಕೆ ಕಾರ್ಯಕ್ರಮಗಳಿವೆ. ಹಳೆಯ ಸಂಗೀತದ ಹೆಸರಾಂತ ಕಲಾವಿದ ಜೊರ್ದಿ ಸವಾಲ್ 2015ರಲ್ಲಿ ಫ್ರಾನ್ಸಿನ ನಾರ್ಬೋನ್ ಹತ್ತಿರದ ಫೋಂಫ್ರುವಾದ್ ಮಠದಲ್ಲಿ ಇಂಥದ್ದೇ ಒಂದು ಕಛೇರಿ ಮಾಡಿದರು: ರೆಬೆಲ್, ಲಾಕ್, ವಿವಾಲ್ಡಿಯ ಕಡಲ ಬಿರುಗಾಳಿ, ಮಾರೆ, ಟೆಲೆಮಾನ್, ರಾಮೋ. ಅದರ ಧ್ವನಿಮುದ್ರಣವೂ ಹೊರಬಂದಿದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಹೆಡ್‌ಫೋನಿನಲ್ಲಿ ಕೇಳುವವರು ಅಲ್ಲಿಂದ ಶುರುಮಾಡಿ. ಈ ಥರದ ಪಟ್ಟಿಯಲ್ಲಿ ಒಂದೇ ಕೊರತೆ, ಬಿರುಗಾಳಿಯ ಮೇಲೆ ಬಿರುಗಾಳಿ ಬಂದು ಕೊನೆಗೆ ಕಿವಿ ದಣಿಯಬಹುದು. ನಡುವೆ ಶಾಂತವಾದ ಕುಣಿತಗಳು ಇವೆಯೇ ನೋಡಿಕೊಳ್ಳಿ.

ಟಿಕೆಟ್ ತೆಗೆಯುವಾಗ

'ಪೀರಿಯಡ್ ಇನ್‌ಸ್ಟ್ರುಮೆಂಟ್ಸ್' ಅಂತ ಬರೆದಿದೆಯೇ ನೋಡಿ, ಇಲ್ಲದಿದ್ದರೆ ತಂಡದ ಪುಟಕ್ಕೆ ಹೋಗಿ ನೋಡಿ. ಎತ್ತರದ ಕಲ್ಲಿನ ಚರ್ಚುಗಳಲ್ಲಿ ದನಿ ಬಹಳ ಹೊತ್ತು ಉಳಿಯುತ್ತದೆ. ಥೆಟಿಸ್‌ನ ನಿದ್ದೆಗೆ ಅದು ವರ, ವೇಗದ ಬಿರುಗಾಳಿಗೆ ಶಾಪ, ಸ್ವರಗಳೆಲ್ಲ ಕಲಸಿಹೋಗುತ್ತವೆ. ಅಂಥಲ್ಲಿ ಬಾಲ್ಕನಿ ಬೇಡ, ಮುಂದಿನ ಸಾಲುಗಳಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಕರುಳಿನ ತಂತಿಯ ದನಿ ಮೆತ್ತಗೆ, ದೂರಕ್ಕೆ ಬರುವಷ್ಟರಲ್ಲಿ ಅದರ ಅಂಚು ಸವೆದಿರುತ್ತದೆ. ಹವೆ ಬದಲಾದರೆ ಅದು ಶ್ರುತಿಯನ್ನೂ ಬಿಡುತ್ತದೆ, ಹಾಗಾಗಿ ನಡುನಡುವೆ ನಿಲ್ಲಿಸಿ ಶ್ರುತಿ ಮಾಡಿಕೊಳ್ಳುತ್ತಾರೆ. ನಮ್ಮವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ರೆಬೆಲ್‌ನ ಕಛೇರಿ ಪ್ರವಾಸಿ ಪಟ್ಟಿಗಳಲ್ಲಿ ಸಿಗುವುದು ಬಹಳ ಕಡಿಮೆ. ಹಳೆಯ ಸಂಗೀತದ ಉತ್ಸವಗಳಲ್ಲಿ ಹುಡುಕಿ. ನೆದರ್‌ಲೆಂಡ್ಸಿನ ಉಟ್ರೆಕ್ಟ್‌ನದು 1982ರಿಂದ ನಡೆಯುತ್ತಿದೆ, ಪ್ರತಿ ವರ್ಷ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಇಂಗ್ಲೆಂಡಿನ ಯಾರ್ಕ್‌ನದು ಜುಲೈನಲ್ಲಿ. ಅಮೆರಿಕದಲ್ಲಿರುವವರಿಗೆ ಬಾಸ್ಟನ್‌ನ ಉತ್ಸವ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳ ಜೂನ್‌ನಲ್ಲಿ. ಹುಡುಕುವಾಗ ಕೃತಿಯ ಹೆಸರಿಗಿಂತ ರೆಬೆಲ್ ಅಂತ ಹಾಕಿ ಹುಡುಕಿ. ಎಷ್ಟೋ ಕಡೆ ಅವನನ್ನು ಬೇರೆ ಹೆಸರಿನ ಕಾರ್ಯಕ್ರಮದೊಳಗೆ ಕೊನೆಯ ಸಾಲಿನಲ್ಲಿ ಬರೆದಿರುತ್ತಾರೆ.